ಫೋರ್ಕಪ್ಪ ಊಟಕ್ಕೆ ಬಂದದ್ದು

ಒಂದಾನೊಂದು ಊರಿನಲ್ಲಿ, ಊರಿನ ಹೆಸರು ಕೇಳಬೇಡಿ, ಕೇಳಿದರೆ ಕತೆ ಓಡಿಹೋಗುತ್ತದೆ, ಬೊಪ್ಪರಾಯ ಅಂತ ಒಬ್ಬ ರಾಜನಿದ್ದ. ರಾಜ್ಯ ಹೋದರೂ ಅವನಿಗೆ ಚಿಂತೆಯಿಲ್ಲ, ನೆಂಟರ ಮರ್ಯಾದೆಗೆ ಮಾತ್ರ ಕುಂದು ಬರಬಾರದು. ನೆಂಟರು ಮೊದಲ ತುತ್ತು ನುಂಗುವ ತನಕ ಊರಲ್ಲಿ ಯಾರೂ ಉಣ್ಣುವಂತಿಲ್ಲ. ಹೊತ್ತು ಇಳಿದರೂ ನೆಂಟರು ಉಣ್ಣದಿದ್ದರೆ ಅಡುಗೆಯವಳು ಊರು ಬಿಡಬೇಕು. ಹೀಗಂತ ಕಟ್ಟಪ್ಪಣೆ.

ಅಡುಗೆಯವಳು ಚಿಕ್ಕತಾಯಮ್ಮ. ಅವಳ ಕೈಯ ರಾಗಿಮುದ್ದೆ, ಉಪ್ಸಾರು ಅಂದರೆ ಸತ್ತವರೂ ಎದ್ದು ಕೈ ತೊಳೆದು ಕೂರುತ್ತಿದ್ದರು. ಒಂದು ದಿನ ಬೆಳಗ್ಗೆ ಅವಳು ಮುದ್ದೆ ಕಟ್ಟುತ್ತಿರುವಾಗ ಬಾಗಿಲಲ್ಲಿ ಠಣ್ ಠಣ್ ಅಂತ ಸದ್ದಾಯಿತು. ನೋಡಿದರೆ ಒಂದು ಫೋರ್ಕು. ಗೇಣುದ್ದ, ತೆಳ್ಳಗೆ, ಬೆಳ್ಳಗೆ, ನಾಲ್ಕೂ ಹಲ್ಲು ಬಿಟ್ಟುಕೊಂಡು ನಿಂತಿದೆ.

“ನಾನು ಫೋರ್ಕು. ಇಂಗ್ಲೆಂಡಿನ ಕಡೆಯವನು” ಅಂದಿತು.

“ಹಲ್ಲಿದೆ ಅಂದಮೇಲೆ ಉಣ್ಣೋಕೇ ಬಂದಿರೋದು! ಎಲೆ ಹಾಕ್ರೋ!” ಅಂದ ಸದ್ದು ಕೇಳಿ ಓಡಿಬಂದ ರಾಜ.

ಎಲೆ ಹಾಕಿದರು. ಮುದ್ದೆ ಬಡಿಸಿದರು. ಊರಿಗೆ ಊರೇ ಸಾಲಾಗಿ ಕೂತಿತು. ಫೋರ್ಕು ಉಣ್ಣಲಿಲ್ಲ. ಫೋರ್ಕು ಉಣ್ಣಲಿಲ್ಲ ಅಂತ ಊರೂ ಉಣ್ಣಲಿಲ್ಲ.

ಮಂತ್ರಿ ಸಿಂಗಾರಯ್ಯ ಕೈಮುಗಿದ. “ಒಬ್ಬರೇ ಉಣ್ಣೋಕೆ ಸಂಕೋಚವೇನೋ. ನಿಮ್ಮೋರು ಯಾರಾದ್ರೂ ಇದಾರಾ ಫೋರ್ಕಪ್ಪನೋರೇ?”

“ಇದಾರಲ್ಲ. ನಮ್ಮ ಇಂಗ್ಲಿಷಲ್ಲಿ ದಾರಿ ಕವಲೊಡೆಯೋ ಜಾಗಕ್ಕೂ ನನ್ನದೇ ಹೆಸರು. ಸೈಕಲ್ಲಿನ ಮುಂದಿನ ಚಕ್ರ ಹಿಡಕೊಂಡಿರೋನಿಗೂ ನನ್ನದೇ ಹೆಸರು.”

ಒಂದೇ ಹೆಸರು ಅಂದಮೇಲೆ ಒಂದೇ ಮನೆತನ. ಬಿಡಲಾದೀತೇ? ಆಳುಗಳು ಊರ ಹೊರಗಿನ ಕವಲುದಾರಿಯನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಹೊತ್ತು ತಂದು ಕೂರಿಸಿದರು. ಅದಕ್ಕೆ ಎರಡು ಕವಲು, ಹಾಗಾಗಿ ಎರಡು ಎಲೆ. ಸೈಕಲ್ಲನ್ನು ಗೋಡೆಗೊರಗಿಸಿ ಅದಕ್ಕೂ ಎಲೆ ಹಾಕಿದರು. ದಾರಿ ಉಣ್ಣಲಿಲ್ಲ. ಸೈಕಲ್ಲು ಒಂದು ಸಲ ಬೆಲ್ಲು ಹೊಡೆದು ಸುಮ್ಮನಾಯಿತು. ಮನೆಗಾದರೂ ಹೋಗೋಣ ಅಂತ ಎದ್ದವರು ಮತ್ತೆ ಕೂತರು. ದಾರಿಯೇ ಊಟಕ್ಕೆ ಕೂತಿರುವಾಗ ಹೋಗುವುದು ಯಾವುದರ ಮೇಲೆ?

ಹೊತ್ತು ಇಳಿಯಿತು. ಮುದ್ದೆ ಆರಿ ಗುಂಡುಕಲ್ಲಾಯಿತು. ರಾಜನ ಹೊಟ್ಟೆ ತಾಳ ಹಾಕುತ್ತಿತ್ತು. “ಗಂಟುಮೂಟೆ ಕಟ್ಟು ಚಿಕ್ಕತಾಯಮ್ಮ” ಅಂದವನೇ ತಾನೇ ಗೊಳೋ ಅಂತ ಅತ್ತ.

ಚಿಕ್ಕತಾಯಮ್ಮನಿಗೂ ಅಳು ಬಂತು. ಈ ಒಲೆ ಬಿಟ್ಟು ಅವಳಿಗೆ ಬೇರೆ ಮನೆಯಿರಲಿಲ್ಲ. ಅಳುವಿನ ಹಿಂದೆಯೇ ಸಿಟ್ಟೂ ಬಂತು. ನೆಟ್ಟಗೆ ಫೋರ್ಕಿನ ಮುಂದೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಅಲ್ಲ ಕಣಪ್ಪ, ನನ್ನ ಅಡುಗೇಲಿ ಏನು ಐಬು ಕಂಡೆ? ಬಾಯಿ ಬಿಟ್ಟು ಹೇಳು.”

“ಬಿಡೋಕೆ ಬಾಯಿ ಎಲ್ಲಿದೆ ತಾಯಿ? ಇರೋದು ಹಲ್ಲು ಮಾತ್ರ. ನಾನು ಉಣ್ಣೋನಲ್ಲ, ಉಣಿಸೋನು. ಬೆಳಗ್ಗೆಯಿಂದ ಯಾರೂ ಕೇಳ್ಲೇ ಇಲ್ಲ.”

ಬಾಯಿಲ್ಲದೆ ಹೇಗೆ ಮಾತಾಡಿತು ಅಂತ ನೀವು ಕೇಳುತ್ತೀರಿ. ಹಸಿದ ಊರಿಗೆ ಅದು ಹೊಳೆಯಲಿಲ್ಲ.

“ಉಣಿಸೋನು ಅಂದ್ರೆ ನೆಂಟ ಅಲ್ಲ! ಹಾಗಾದ್ರೆ ನೆಂಟರು ಯಾರು?” ಅಂದ ರಾಜ.

“ನಾನು ಮೊದಲು ಯಾರಿಗೆ ಉಣಿಸ್ತೀನೋ ಅವರು.”

ರಾಜ ಬಾಯಿ ತೆರೆದ. ಮಂತ್ರಿ ಬಾಯಿ ತೆರೆದ. ಊರೆಲ್ಲ ಆ ಅಂತ ಬಾಯಿ ತೆರೆಯಿತು. ಫೋರ್ಕು ಯಾರ ಕಡೆಗೂ ತಿರುಗಲಿಲ್ಲ. ಮುದ್ದೆಗೆ ಹಲ್ಲೂರಿ, ಒಂದು ತುತ್ತು ಕಿತ್ತು, ಸಾರಲ್ಲಿ ಅದ್ದಿ, ಚಿಕ್ಕತಾಯಮ್ಮನ ಮುಂದೆ ಹಿಡಿಯಿತು.

“ನೀನಿನ್ನೂ ಉಂಡಿಲ್ಲವಲ್ಲ ತಾಯಿ.”

ಆ ಮಾತನ್ನು ಅವಳಿಗೆ ಅಲ್ಲಿಯ ತನಕ ಒಬ್ಬರೂ ಹೇಳಿರಲಿಲ್ಲ. ಕಣ್ಣೊರೆಸಿಕೊಂಡು ಬಾಯಿ ತೆರೆದಳು. ಆರಿ ಕಲ್ಲಾದರೂ ಮುದ್ದೆಯಲ್ಲವೇ, ಸಾರಿನ ಜೊತೆ ಜಾರಿಕೊಂಡು ಇಳಿಯಿತು. ಚಿಕ್ಕತಾಯಮ್ಮ ಚಕ್ಕಳಮಕ್ಕಳ ಹಾಕಿ ಕೂತು ನಿಧಾನವಾಗಿ ಎರಡು ಮುದ್ದೆ ಉಂಡಳು. ಅಪ್ಪಣೆಯ ಮೊದಲ ತುತ್ತು ಇಳಿದಿದ್ದರೂ ಊರೆಲ್ಲ ಕಾಯಿತು. ನಡುವೆ “ಉಪ್ಪು ಒಂಚೂರು ಕಮ್ಮಿಯಾಯ್ತು” ಅಂದಳು. ಕಿರೀಟ ಬಿದ್ದದ್ದನ್ನೂ ನೋಡದೆ ರಾಜ ಉಪ್ಪು ತರಲು ಓಡಿದ.

ಇದರ ನೀತಿ ಏನಪ್ಪಾ ಅಂದರೆ, ಮುದ್ದೆಯನ್ನು ಫೋರ್ಕಲ್ಲಿ ತಿನ್ನಬಾರದು, ಫೋರ್ಕೇ ತಿನ್ನಿಸಿದರೆ ಬೇಡ ಅನ್ನಬಾರದು. ಕತೆ ಕೈ ತೊಳೆಯಲು ಎದ್ದಿತು. ನೀವೂ ಏಳಿ, ಒಲೆ ಮುಂದೆ ಇರುವವರನ್ನು ಮೊದಲು ಕರೆಯಿರಿ.