ನಕ್ಕವಳ ಆಯುಷ್ಯ

ಹೊಳೆ ದಂಡೆಯ ಮಠದ ಹಾಲಯ್ಯಜ್ಜನಿಗೆ ತೊಂಬತ್ತು ದಾಟಿತ್ತು.

ಒಂದು ಬೆಳಿಗ್ಗೆ ರೊಟ್ಟಿ ತಿನ್ನುವಾಗ ಅಜ್ಜನ ಕೊನೆಯ ಹಲ್ಲು ಬಿತ್ತು.

ಅಜ್ಜ ಶಿಷ್ಯ ಕೆಂಚಪ್ಪನಿಂದ ಸಗಣಿ ತರಿಸಿದರು. ಹಲ್ಲನ್ನು ಸಗಣಿ ಉಂಡೆಯೊಳಗಿಟ್ಟರು. ಮಕ್ಕಳು ಹಾಲುಹಲ್ಲು ಎಸೆಯುವಂತೆ ಮಾಳಿಗೆ ಮೇಲೆ ಎಸೆದರು.

"ಹೊಸಾದು ಕೊಡು!" ಎಂದು ಕೂಗಿ ನಕ್ಕರು.

ಭಕ್ತರೂ ನಕ್ಕರು.

"ಮುಪ್ಪು ಕಂಡು ನಗೋರಿಗೆ ಸಾವು ದೂರ," ಎಂದ ಒಬ್ಬ. "ಅದಕ್ಕ ಅಜ್ಜಾರು ಇಷ್ಟು ಬಾಳ್ಯಾರ. ಕೊರಗೋರು ಲಗೂನ ಹೋಗ್ತಾರ."

ಕೆಂಚಪ್ಪ ನಗಲಿಲ್ಲ. ಕೈ ತೊಳೆಯಲು ಎದ್ದು ಹೋದ.

ಹೆಂಡತಿ ದುರುಗವ್ವ ಸತ್ತ ಮೇಲೆ ಅವನಿಗೆ ಮಠವೇ ಮನೆ. ಹಲ್ಲು ಎಸೆದ ಆ ದಿನದಿಂದ ಅಜ್ಜನ ನಗುವಿನ ಮೇಲೆ ಅವನಿಗೆ ಅನುಮಾನ ಬಂತು. ಈ ಮುದುಕ ನಕ್ಕೇ ಬದುಕಿದನೋ, ಏನಾದರೂ ತಿಂದು ಬದುಕಿದನೋ?

ಅಜ್ಜ ಕುಡಿಯುವ ಕಷಾಯ ಮೂಸಿ ನೋಡಿದ. ಬರೀ ಶುಂಠಿ.

ದಿಂಬಿನ ಕೆಳಗೆ ಕೈಯಾಡಿಸಿದ. ಬೇರಿಲ್ಲ, ತಾಯಿತವಿಲ್ಲ. ಕಾಗದದಲ್ಲಿ ಸುತ್ತಿದ ಒಂದು ಉಂಡೆ ಸಿಕ್ಕಿತು. ನೆಕ್ಕಿ ನೋಡಿದ. ಬೆಲ್ಲ.

ಅನುಮಾನ ಹೋಗಲಿಲ್ಲ. ಇನ್ನೂ ಬೆಳೆಯಿತು.

ಒಂದು ಮಧ್ಯಾಹ್ನ ದನದ ಕೊಟ್ಟಿಗೆಯ ಹಿಂದೆ ನಿಂತು ಕಿವಿಗೊಟ್ಟ. ಒಳಗೆ ಆಕಳ ಬಳಿ ಕೂತಿದ್ದ ಅಜ್ಜ ಏಳಲು ಹೋಗಿ ಆಗದೆ ಕುಕ್ಕರಿಸಿದರು.

"ಹಾಳಾದ ಮೊಣಕಾಲ! ನಿನಗ ಮಣ್ಣು ಹಾಕ!"

ಕೆಂಚಪ್ಪ ಒಳಗೆ ನುಗ್ಗಿದ. "ಸಿಕ್ಕಿರಿ, ಅಜ್ಜಾರ!"

"ಸಿಕ್ಕೆ. ಈಗ ಕೈ ಹಿಡಿದು ಎಬ್ಬಿಸು."

"ಎಬ್ಬಸಂಗಿಲ್ಲ. ಮಂದಿ ಮುಂದ ನಗತೀರಿ, ಹಿಂದ ಬೈತೀರಿ. ಯಾವುದು ಖರೆ?"

"ಎರಡೂ ಖರೆ. ನೋವಾದಾಗ ಬೈತೀನಿ. ಆಮೇಲೆ ಇದ ಕಾಲಿನ ಮ್ಯಾಲೆ ನಕ್ಕೋತ ಹೊಳೀಗೆ ಹೋಗ್ತೀನಿ."

"ನಕ್ಕರ ಆಯುಷ್ಯ ಹೆಚ್ಚತದೋ ಇಲ್ಲೋ? ಅದನ್ನ ಹೇಳ್ರಿ."

"ನಗೋನು ಹೊಟ್ಟಿ ತುಂಬ ಉಣ್ತಾನ. ಓಡಾಡ್ತಾನ. ನಾಕು ಮಂದಿ ಕೂಡ ಕುಂದರ್ತಾನ. ಒಂದೀಟು ಹೆಚ್ಚಬಹುದು."

ಕೆಂಚಪ್ಪನ ಮುಖ ಕಪ್ಪಿಟ್ಟಿತು.

"ಹಂಗಾರ ನನ್ನ ದುರುಗವ್ವ? ಆಕೀನೂ ಮುಪ್ಪು ಕಂಡು ನಗತಿದ್ಲು. ಐವತ್ತು ಮುಟ್ಟಲಿಲ್ಲ. ಜ್ವರ ಬಂತು, ಒಯ್ತು."

ಅಜ್ಜ ಅವನನ್ನೇ ನೋಡಿದರು.

"ಮಣ್ಣಿಗೆ ಬಂದ ಮಂದಿ ಏನಂದ್ರು ಗೊತ್ತೇನ್ರಿ? 'ಮ್ಯಾಲೆ ನಗತಿದ್ಲು, ಒಳಗ ಏನು ಕೊರಗಿತ್ತೋ' ಅಂದ್ರು. ಈಗ ನನಗೂ ಹಂಗ ಅನಸ್ತದ. ಆಕಿ ನಗಿ ಸುಳ್ಳಿತ್ತೇನೋ. ನನ್ನ ಕೂಡ ಸುಖ ಇರಲಿಲ್ಲೇನೋ."

"ಜ್ವರ ಯಾರ ಮನಸ್ಸು ನೋಡಿ ಬರ್ತದ, ತಮ್ಮಾ?"

ಕೆಂಚಪ್ಪ ಅಜ್ಜನ ಎದುರು ನೆಲದ ಮೇಲೆ ಕುಳಿತ.

"ಹೋಗಲಿ. ಆಕಿ ಹೆಂಗ ನಗತಿದ್ಲು? ಒಂದು ಸಲದ್ದು ಹೇಳು."

ಆಕಳು ಬಾಲ ಬೀಸಿ ನೊಣ ಓಡಿಸಿತು.

"ಮೊದಲನೇ ಬಿಳಿಕೂದಲು ಬಂದಾಗ ಕನ್ನಡಿ ಹಿಡಕೊಂಡು ಓಡಿ ಬಂದ್ಲು," ಎಂದ ಕೆಂಚಪ್ಪ. "'ನಿಮ್ಮ ತಲಿ ಇನ್ನೂ ಕರ್ರಗೈತಿ. ಈ ಮನ್ಯಾಗ ಇನ್ನ ನಾನ ಹಿರೇಕಿ. ಕಾಲಿಗೆ ಬೀಳ್ರಿ' ಅಂದ್ಲು."

"ಬಿದ್ದೆಯಾ?"

"ಬಿದ್ದೆ ರೀ."

"ಆಮೇಲೆ?"

"'ನೂರು ವರ್ಷ ಬಾಳು, ಮಗನ' ಅಂತ ತಲಿ ಮ್ಯಾಲೆ ಕೈ ಇಟ್ಲು. ನಗಿ ತಡಕೊಳ್ಳಾಕ ಆಗದ ಅಲ್ಲೇ ಕುಂತ್ಲು. ನಾನೂ ಕುಂತೆ. ಒಲಿ ಮ್ಯಾಲಿನ ಹಾಲು ಉಕ್ಕಿ ಹೋತು. ಇಬ್ಬರೂ ಏಳಲಿಲ್ಲ."

"ಆ ನಗಿ ಸುಳ್ಳೇನು?"

ಕೆಂಚಪ್ಪ ಅಲ್ಲವೆಂದು ತಲೆ ಅಲ್ಲಾಡಿಸಿದ. ತಲೆ ಅಲ್ಲಾಡಿಸಿದ. ಅವನ ಕಣ್ಣು ತುಂಬಿ ಬಂತು.

ಅಜ್ಜ ಕೈ ಚಾಚಿದರು. ಈ ಸಲ ಅವನು ಎಬ್ಬಿಸಿ ನಿಲ್ಲಿಸಿದ.

ನಿಂತ ಅಜ್ಜ ಗೋಡೆ ಹಿಡಿದು ಮತ್ತೆ ಬಗ್ಗಿದರು. ಮೆಲ್ಲಗೆ ನೆಲಕ್ಕೆ ಮೊಣಕಾಲೂರಿದರು. ಹಣೆಯನ್ನು ನೆಲಕ್ಕೆ ಮುಟ್ಟಿಸಿದರು.

"ಅಯ್ಯೋ, ಈಗಷ್ಟ ಎಬ್ಬಿಸಿದೆನಲ್ರೀ! ಯಾರಿಗೆ ಇದು, ಅಜ್ಜಾರ?"

"ನಿಮ್ಮ ಮನಿ ಹಿರೇಕಿಗೆ, ತಮ್ಮಾ."