ಹದಿನೇಳು ಪಥ್ಯಗಳು

ಹೊಳೆ ಅಲ್ಲಿ ಬಾಗಿ ಹರಿಯುತ್ತದೆ. ಬಾಗಿದ ಕಡೆ ಒಂದು ಆಶ್ರಮ, ಆಶ್ರಮದ ಮೂಲೆಯಲ್ಲೊಂದು ಹೆಂಚಿನ ಔಷಧಾಲಯ. ಬೆಳಗಿನ ಮಂಜು ಕರಗುವವರೆಗೆ ಎರಡೂ ಇವೆಯೋ ಇಲ್ಲವೋ ಎಂದು ಎದುರು ದಂಡೆಯವರಿಗೆ ಅನುಮಾನ.

ಔಷಧಾಲಯ ನಡೆಸುತ್ತಿದ್ದವರು ಪ್ರಭಾವತಮ್ಮ. ನಲವತ್ತು ವರ್ಷದಿಂದ ಅಲ್ಲೇ ಇದ್ದ ಡಾಕ್ಟರು. ಅವರ ಬಳಿ ಕಲಿಯಲೆಂದು ಬಂದವನು ಇಂದುಧರ. ವೈದ್ಯಕೀಯ ಕಾಲೇಜಿನಲ್ಲಿ ಚಿನ್ನದ ಪದಕ ಪಡೆದವನು. ಪದಕವನ್ನು ಪೆಟ್ಟಿಗೆಯಲ್ಲಿಟ್ಟು ಬಂದಿದ್ದ, ತಲೆಯಿಂದ ಮಾತ್ರ ಇನ್ನೂ ಇಳಿಸಿರಲಿಲ್ಲ.

ಬಂದ ದಿನವೇ ಅವನು ಕೇಳಿದ: "ಅಮ್ಮ, ಒಳ್ಳೆಯ ವೈದ್ಯ ಯಾರು? ರೋಗದ ಕಾರಣ ಕಂಡುಹಿಡಿಯುವವನು ತಾನೇ?"

"ಆ ಬೆಂಚು ಬಿಸಿಲಿಗೆ ಬಂದಿದೆ" ಎಂದರು ಅಮ್ಮ. "ನೆರಳಿಗೆ ಎಳಿ. ಜನ ಕೂರಬೇಕು."

ವಯಸ್ಸಾಗಿದೆ, ಕಿವಿ ಕೇಳಿಸುವುದಿಲ್ಲ ಎಂದುಕೊಂಡು ಇಂದುಧರ ಬೆಂಚು ಎಳೆದ.

ಮರುವಾರ ಅಮ್ಮ ಕಾಡಂಚಿನ ಹಾಡಿಗಳಿಗೆ ಹೊರಟರು. ಪ್ರತಿ ವರ್ಷ ಒಂದೂವರೆ ತಿಂಗಳು ಅಲ್ಲಿನವರಿಗೆ ಔಷಧ ಕೊಟ್ಟು ಬರುವುದು ಅವರ ರೂಢಿ. ಔಷಧಾಲಯ ಇಂದುಧರನ ಕೈಗೆ ಬಂತು.

ಆಗ ಬಂದವಳು ದೇವೀರಮ್ಮ. ಹೊಳೆಯಲ್ಲಿ ಹರಿಗೋಲು ಹಾಕುವವಳು, ಆರು ತಿಂಗಳ ಹೆಣ್ಣುಕೂಸಿನ ತಾಯಿ. ಸೆರಗು ಸರಿಸಿ ತೋಳು ತೋರಿಸಿದಳು. ಕೆಂಪಗೆ, ಉಬ್ಬಿಕೊಂಡು, ದೊಡ್ಡದು ಚಿಕ್ಕದು ಸೇರಿ ಗಂಧೆಗಳು.

"ನಾಕ್ ತಿಂಗಳಾಯ್ತು ಸ್ವಾಮಿ. ದಿನಾ ಸಂಜೆ ಬತ್ತದೆ. ಕೆರ್ಕೊಂಡು ಕೆರ್ಕೊಂಡು ಸಾಕಾಗೋಯ್ತು. ಪಿತ್ತ ಅಂತಾರೆ, ದೃಷ್ಟಿ ಅಂತಾರೆ. ಯಾತಕ್ಕೆ ಬತ್ತದೆ ಹೇಳಿ."

ಯಾತಕ್ಕೆ! ಇಂದುಧರನ ಕಣ್ಣು ಹೊಳೆಯಿತು. ಇದೇ ಅವನಿಗೆ ಬೇಕಾಗಿದ್ದ ಪ್ರಶ್ನೆ.

"ನಿನ್ನೆ ಏನು ತಿಂದಿರಿ?"

"ಬದನೆಕಾಯಿ ಗೊಜ್ಜು."

ಅವನು ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬದನೆಕಾಯಿ ಎಂದು ಬರೆದು ಅಡಿಗೆರೆ ಎಳೆದ. ಮೂರ್ನಾಲ್ಕು ಗುಳಿಗೆಯನ್ನೂ ಕೊಟ್ಟ, ತುರಿಕೆ ತಡೆಯಲಾಗದಿದ್ದರೆ ಮಾತ್ರ ನುಂಗಲು.

ದೇವೀರಮ್ಮನಿಗೆ ಸಂತೋಷವಾಯಿತು. ಪಥ್ಯ ಹೇಳದ ಡಾಕ್ಟರು ನಮ್ಮ ಕಡೆ ಡಾಕ್ಟರೇ ಅಲ್ಲ. ಸೂಜಿ ಚುಚ್ಚಿದರೂ ಗುಳಿಗೆ ಕೊಟ್ಟರೂ, ಬಾಗಿಲ ತನಕ ಹೋದವರು ತಿರುಗಿ ನಿಂತು ಪಥ್ಯ ಏನು ಎಂದು ಕೇಳಿಯೇ ಕೇಳುತ್ತಾರೆ.

ಬದನೆಕಾಯಿ ಬಿಟ್ಟರೂ ಗಂಧೆ ಬಂತು. ಕಡಲೆಕಾಯಿ ಬಿಡಿಸಿದ. ಬಂತು. ಮೀನು ಬಿಡಿಸಿದ, ಅದೂ ಹೊಳೆಯ ಮಡಿಲಲ್ಲಿ ಹುಟ್ಟಿ ಬೆಳೆದವಳಿಂದ. ಆಮೇಲೆ ಮೊಟ್ಟೆ, ಹುಣಸೆಹುಳಿ, ಟೊಮೆಟೊ, ಹಾಲು, ಮೊಸರು, ಅವರೆ, ಬಾಳೆಹಣ್ಣು, ಹೀಗೆ ಹದಿನಾರರವರೆಗೆ. ಗಂಧೆ ದಿನಾ ಸಂಜೆ ತನ್ನ ಪಾಡಿಗೆ ಬರುತ್ತಿತ್ತು. ಅವನ ಹಟ ಏರಿತು. ಹದಿನೇಳನೆಯದಾಗಿ ಬರೆದ: ಹೊಳೆಯ ನೀರು ಮುಟ್ಟಬಾರದು.

ದೇವೀರಮ್ಮ ಹರಿಗೋಲಿನಿಂದ ಇಳಿದಳು. ಹುಟ್ಟು ಅತ್ತೆಯ ಕೈಗೆ ಹೋಯಿತು.

ಅಮ್ಮ ಹಿಂತಿರುಗಿದ್ದು ಮಂಜಿನ ಬೆಳಗಿನಲ್ಲಿ. ಹರಿಗೋಲು ಮೆಲ್ಲಗೆ ತಿರುಗುತ್ತ ತಿರುಗುತ್ತ ದಂಡೆಗೆ ಬಂತು. ಒಳಗೆ ಕೂತ ಅಮ್ಮ ಮೊದಲು ನೋಡಿದ್ದು ಮರಳಿನ ಮೇಲೆ ಕೂತ ಒಂದು ನೆರಳನ್ನು, ಕೇಳಿದ್ದು ಒಂದು ಕೂಸಿನ ಅಳುವನ್ನು.

"ಯಾರವ್ವ ಅದು?"

"ನಮ್ಮ ದೇವೀರಿನೇ ಕಣವ್ವ" ಎಂದಳು ಹುಟ್ಟು ಹಾಕುತ್ತಿದ್ದ ಅತ್ತೆ. "ಹಾಲು ಬತ್ತೋಯ್ತು. ಕೂಸು ಚೀಪ್ತದೆ, ಬಿಡ್ತದೆ, ಅಳ್ತದೆ. ಏನಾದ್ರೂ ತಿನ್ನೇ ಅಂದ್ರೆ, ಗಂಧೆಗೆ ಬದನೆಕಾಯಿಂದ ಹಿಡ್ದು ಎಲ್ಲಾನೂ ಸಣ್ಣ ಡಾಕ್ಟ್ರು ಬ್ಯಾಡ ಅಂದವ್ರೆ ಅಂತಾಳೆ."

ಅಮ್ಮ ಇಳಿದವರೇ ದೇವೀರಮ್ಮನನ್ನು ಕೈಹಿಡಿದು ಔಷಧಾಲಯಕ್ಕೆ ಕರೆತಂದರು. ಇಂದುಧರ ನೋಟ್‌ಬುಕ್ ಹಿಡಿದು ಎದ್ದು ನಿಂತ. ಅಮ್ಮ ಅದನ್ನು ನೋಡಲಿಲ್ಲ. ಅವಳನ್ನು ನೋಡಿದರು. ಕೆನ್ನೆಯ ಮೂಳೆ, ಸಡಿಲವಾದ ಬಳೆ, ಒಣಗಿದ ತುಟಿ.

"ತುಟಿ, ನಾಲಿಗೆ ಯಾವತ್ತಾದ್ರೂ ಊದಿತ್ತಾ ಮಗ? ಉಸಿರು ಕಟ್ಟಿತ್ತಾ?"

"ಇಲ್ಲ ಕಣವ್ವ."

"ಜ್ವರ? ಕೀಲುನೋವು?"

"ಇಲ್ಲ."

"ತಿಂದ ತಕ್ಷಣ ಬತ್ತದಾ?"

"ತಿಂದ್ರೂ ಬತ್ತದೆ, ತಿನ್ನದೇ ಇದ್ರೂ ಬತ್ತದೆ. ಸಂಜೆಗೆ ಬತ್ತದೆ, ಬೆಳಿಗ್ಗೆಗೆ ಹೋಗ್ತದೆ."

ಅಮ್ಮ ಔಷಧದ ಚಮಚ ತೆಗೆದುಕೊಂಡು ಅದರ ಹಿಡಿಯಿಂದ ದೇವೀರಮ್ಮನ ಮುಂಗೈ ಮೇಲೆ ಒಂದು ಗೆರೆ ಎಳೆದರು. ಮೂವರೂ ಸುಮ್ಮನೆ ನೋಡುತ್ತ ಕೂತರು. ಗೆರೆ ಕೆಂಪಾಯಿತು. ಆಮೇಲೆ ಒಳಗಿನಿಂದ ಯಾರೋ ಎತ್ತಿದ ಹಾಗೆ ಮೆಲ್ಲಗೆ ಉಬ್ಬಿ ನಿಂತಿತು.

"ಇಂದುಧರ, ಚಮಚದಲ್ಲಿ ಎಷ್ಟು ಬದನೆಕಾಯಿ ಇತ್ತು?"

ಅವನು ನೋಟ್‌ಬುಕ್ಕನ್ನು ಬೆನ್ನ ಹಿಂದೆ ಸರಿಸಿದ.

ಅಮ್ಮ ಒಂದು ಸಣ್ಣ ಸೀಸೆಯಷ್ಟು ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು, ಅದಕ್ಕಿಂತ ಹೆಚ್ಚಿನ ಪರೀಕ್ಷೆ ಬೇಡವೆಂದರು. ಮೊಲೆಯೂಡಿಸುವವರಿಗೆ ಆಗಿಬರುವ ಗುಳಿಗೆ ಕೊಟ್ಟು, "ತುರಿಕೆ ಇರಲಿ ಬಿಡಲಿ, ದಿನಾ ಒಂದು. ನೆನಪಾದಾಗ ನುಂಗೋದಲ್ಲ" ಎಂದರು. ಕೊನೆಗೆ ಅಂದರು: "ಹೋಗಿ ಹೊಟ್ಟೆ ತುಂಬ ಉಣ್ಣು ಮಗ. ಏನೂ ಬಿಡಬೇಡ."

ದೇವೀರಮ್ಮ ತಲೆ ಅಲ್ಲಾಡಿಸಿದಳು. "ಬ್ಯಾಡ ಕಣವ್ವ. ಭಯ ಆಯ್ತದೆ. ಅವ್ರು ಬರ್ದವ್ರೆ."

"ಗಂಜಿನಾದ್ರೂ ಎರಡು ಪಟ್ಟು ಕುಡೀತೀಯಾ?"

"ಕುಡೀತೀನಿ."

ಅವಳು ಹೋದ ಮೇಲೆ ಇಂದುಧರ ಮೆಲ್ಲಗೆ ಕೇಳಿದ: "ನೀವು ಹೇಳಿದರೂ ಕೇಳಲಿಲ್ಲವಲ್ಲ?"

"ನಾನು ಬರೆದಿದ್ದರೆ ತಾನೇ ನಾನು ಅಳಿಸೋದು?"

"ಆದರೆ ಅಮ್ಮ, ಈ ಹದಿನೇಳರಲ್ಲಿ ಯಾವುದೋ ಒಂದು ಇದ್ದೇ ಇರಬೇಕು. ಇನ್ನು ಸ್ವಲ್ಪ ದಿನ ಕೊಟ್ಟರೆ..."

"ಮೂರು ದಿನ ತಗೋ" ಎಂದರು ಅಮ್ಮ. "ಅವಳು ಏನು ಉಣ್ತಾಳೋ ನೀನೂ ಅದನ್ನೇ ಉಣ್ಣು. ಸಂಜೆ ಅವಳ ಮೈಮೇಲೆ ಎದ್ದ ಗಂಧೆಗೆಲ್ಲ ಪೆನ್ನಿನಲ್ಲಿ ಸುತ್ತ ಗೆರೆ ಹಾಕು. ಮರುದಿನ ಸಂಜೆ ಹೋಗಿ ನೋಡು. ಕಂಡದ್ದನ್ನು ಬಂದು ಹೇಳು."

ಮೊದಲ ದಿನ ಇಂದುಧರ ಮೂರು ಹೊತ್ತು ಉಪ್ಪು ಹಾಕಿದ ರಾಗಿ ಗಂಜಿ ಕುಡಿದ. ಇದೇನು ಮಹಾ ಎನಿಸಿತು. ಸಂಜೆ ದೇವೀರಮ್ಮನ ತೋಳು, ಕಾಲಿನ ಮೇಲೆ ಹನ್ನೊಂದು ಗಂಧೆ. ಹನ್ನೊಂದಕ್ಕೂ ಗೆರೆ ಹಾಕಿದ.

ಎರಡನೆಯ ದಿನ ಆಶ್ರಮದ ಅಡಿಗೆಮನೆಯಿಂದ ಒಗ್ಗರಣೆಯ ವಾಸನೆ ಬಂದಾಗ ಅವನ ಕಣ್ಣಲ್ಲಿ ನೀರು ಬಂತು. ಚಿನ್ನದ ಪದಕದವನಿಗೆ ಸಾಸಿವೆ ಸಿಡಿದ ಸದ್ದಿಗೆ ಅಳು! ನಕ್ಕುಬಿಡೋಣವೆಂದರೆ ನಗೆ ಬರಲಿಲ್ಲ.

ಸಂಜೆ ಹೋಗಿ ನೋಡಿದ. ಹನ್ನೊಂದು ಗೆರೆಗಳೂ ಇದ್ದವು. ಒಳಗೆ ಏನೂ ಇರಲಿಲ್ಲ. ಕಲೆಯಿಲ್ಲ, ಗುರುತಿಲ್ಲ, ನುಣ್ಣನೆಯ ಚರ್ಮ. ಗಂಧೆಗಳು ಗೆರೆ ಇಲ್ಲದ ಕಡೆ ಬಂದು ಕೂತಿದ್ದವು. ಅವಕ್ಕೂ ಗೆರೆ ಹಾಕಿದ.

ಮೂರನೆಯ ದಿನ ಮಧ್ಯಾಹ್ನ ಅವನು ದಂಡೆಯ ಮೇಲೆ ಕೂತಿದ್ದ. ಬಿಸಿಲು ನೀರಿನ ಮೇಲೆ ತೂಕಡಿಸುತ್ತಿತ್ತು. ಹಸಿವು ಹೊಟ್ಟೆಯಿಂದ ತಲೆಗೇರಿ, ಮೈ ಹಗುರಾಗಿ, ಹೊಳೆ ನಿಂತು ದಂಡೆಯೇ ಹರಿಯುತ್ತಿರುವ ಹಾಗಾಯಿತು. ನೀರಿನ ಮೇಲೆ ಉಂಗುರಗಳು ಏಳುತ್ತಿದ್ದವು. ಒಂದರ ಸುತ್ತ ಗೆರೆ ಹಾಕಲು ಬೆರಳು ಚಾಚಿದ. ಬೆರಳು ತಲುಪುವಷ್ಟರಲ್ಲಿ ಉಂಗುರ ಇರಲಿಲ್ಲ. ಇನ್ನೊಂದು ದೂರದಲ್ಲಿ ಎದ್ದಿತು. ಅದೂ ಇರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದನೋ.

ಅಳು ಕೇಳಿ ಎಚ್ಚರಾಯಿತು. ಹತ್ತು ಮಾರು ಆಚೆ ದೇವೀರಮ್ಮ ಕೂಸನ್ನು ಎದೆಗೆ ಹಿಡಿದಿದ್ದಳು. ಕೂಸು ಚೀಪಿತು, ಬಿಟ್ಟಿತು, ಮುಖ ತಿರುಗಿಸಿ ಅತ್ತಿತು. ಅವಳು ಇನ್ನೊಂದು ಬದಿಗೆ ಹಾಕಿಕೊಂಡಳು. ಮತ್ತೆ ಅದೇ.

ಮೂರು ದಿನಕ್ಕೇ ತನಗೆ ಹೀಗೆ. ಅವಳಿಗೆ ಒಂದೂವರೆ ತಿಂಗಳು. ಅದೂ ಅವಳೊಬ್ಬಳಿಗಲ್ಲ. ಇಂದುಧರನಿಗೆ ನಾಚಿಕೆಯಾಯಿತು, ಎಲ್ಲಾದರೂ ಮುಖ ಮುಚ್ಚಿಕೊಳ್ಳಬೇಕು ಎನ್ನುವಷ್ಟು ನಾಚಿಕೆ.

ಅವನು ಅಮ್ಮನ ಮುಂದೆ ಹೋಗಿ ನಿಂತ.

"ಏನು ಕಂಡೆ?"

"ಖಾಲಿ ಗೆರೆಗಳು."

"ಕಾರಣ?"

"ಕಾಣಲಿಲ್ಲ. ಕೂಸಿನ ಹಸಿವಿಗೆ ಕಾರಣ ಮಾತ್ರ ಕಂಡಿತು." ನೋಟ್‌ಬುಕ್ ಚಾಚಿದ. "ಇದನ್ನು ಹರಿದುಹಾಕಿ ಅಮ್ಮ."

"ಹರಿಯೋದ್ಯಾಕೆ? ಒಳ್ಳೆ ಪಟ್ಟಿ ಬರೆದಿದ್ದೀಯ" ಎಂದು ಅಮ್ಮ ಕನ್ನಡಕ ಹಾಕಿಕೊಂಡು ಮೊದಲ ಸಲ ಅದನ್ನು ಓದಿದರು. "ಬದನೆಕಾಯಿ, ಕಡಲೆಕಾಯಿ, ಅವರೆ... ಇಷ್ಟನ್ನೂ ನಾಳೆ ಅಡಿಗೆ ಮಾಡಿಸು."

"ಎಲ್ಲವನ್ನೂ?"

"ಎಲ್ಲವನ್ನೂ."

"ಮೀನು, ಮೊಟ್ಟೆ? ಆಶ್ರಮದ ಒಲೆಯ ಮೇಲೆ?"

"ಅದನ್ನು ಅವಳ ಅತ್ತೆ ದಂಡೆ ಮೇಲೆ ಕಲ್ಲು ಹೂಡಿ ಮಾಡ್ತಾಳೆ. ನೀನು ಹೋಗಿ ಕೇಳು."

"ಹದಿನೇಳನೆಯದು ಹೊಳೆಯ ನೀರು, ಅಮ್ಮ."

"ಅದನ್ನು ಬೇಯಿಸೋದು ಬೇಡ."

ಮರುದಿನ ಮರಳಿನ ಮೇಲೆ ಎಲೆ ಹಾಸಿದರು. ಗೊಜ್ಜು, ಚಟ್ನಿ, ಅವರೆಕಾಳಿನ ಸಾರು, ಮೊಸರು, ಬಾಳೆಹಣ್ಣು. ಅತ್ತೆ ಬಾಣಲೆಯಿಂದ ಬಿಸಿಬಿಸಿ ಮೀನು ತಂದಿಟ್ಟಳು. ದೇವೀರಮ್ಮ ಎಲೆಯ ಮುಂದೆ ಕೂತಳು, ಕೈ ಮಾತ್ರ ಮಡಿಲಲ್ಲೇ ಇತ್ತು.

ಇಂದುಧರ ಅವಳ ಎದುರು ಕೂತ. ನೋಟ್‌ಬುಕ್ ತೆರೆದ.

"ದೇವೀರಮ್ಮ, ನಾನು ತಪ್ಪು ಬರೆದೆ."

ಅವಳು ತಲೆ ಎತ್ತಿದಳು. ಡಾಕ್ಟರೊಬ್ಬರು ಹೀಗೆ ಅಂದದ್ದನ್ನು ಅವಳು ಕೇಳಿರಲಿಲ್ಲ.

ಅವನು ಬದನೆಕಾಯಿ ಎಂಬುದನ್ನು ಅವಳಿಗೆ ಕಾಣುವ ಹಾಗೆ ಹೊಡೆದುಹಾಕಿದ. ಅವಳು ಬೆರಳ ತುದಿಯಲ್ಲಿ ಗೊಜ್ಜು ಮುಟ್ಟಿ ನಾಲಿಗೆಗೆ ಇಟ್ಟಳು. ಕಡಲೆಕಾಯಿಯನ್ನೂ ಹೊಡೆದುಹಾಕಿದ. ಅವಳು ಒಂದು ತುತ್ತು ತಿಂದಳು. ಮೀನಿಗೆ ಬರುವ ಹೊತ್ತಿಗೆ ಅವಳು ಪೆನ್ನಿಗೆ ಕಾಯುತ್ತಿರಲಿಲ್ಲ. ಉಣ್ಣುತ್ತ ಉಣ್ಣುತ್ತ ಅಳುತ್ತಿದ್ದಳು. ಅತ್ತೆಯೂ ಕಣ್ಣೊರೆಸಿಕೊಂಡಳು, ಹೊಗೆ ಎಂದಳು.

ಅವನು ಕೊನೆಯ ಸಾಲನ್ನೂ ಹೊಡೆದುಹಾಕಿದ ಮೇಲೆ ದೇವೀರಮ್ಮ ಎದ್ದು ಹೋಗಿ ಹೊಳೆಯಲ್ಲಿ ಕೈ ತೊಳೆದಳು. ತೊಳೆದಾದ ಮೇಲೂ ಕೈಯನ್ನು ನೀರಿನಲ್ಲೇ ಬಿಟ್ಟುಕೊಂಡಿದ್ದಳು.

ಅವತ್ತು ಸಂಜೆಯೂ ಗಂಧೆ ಬಂತು. ಗಂಜಿ ಕುಡಿದ ದಿನ ಎಷ್ಟಿತ್ತೋ ಅಷ್ಟೇ.

ಹತ್ತು ದಿನ ಕಳೆಯಿತು. ರಕ್ತಪರೀಕ್ಷೆಯಲ್ಲಿ ಹೇಳುವಂಥದ್ದೇನೂ ಇರಲಿಲ್ಲ. ದಿನಾ ಒಂದು ಗುಳಿಗೆಗೆ ಗಂಧೆ ಒಂದೊಂದಾಗಿ ಕಡಿಮೆಯಾಗುತ್ತ ಬಂತು. ಹಾಲು ಮರಳಿತು. ದೇವೀರಮ್ಮ ಹರಿಗೋಲಿನಲ್ಲಿ ಕೂಸನ್ನು ಮಡಿಲಿಗೆ ಕಟ್ಟಿಕೊಂಡು ಹುಟ್ಟು ಹಾಕುತ್ತಿದ್ದಳು. ಮಂಜಿನಲ್ಲಿ ಅವಳು ಕಾಣುತ್ತಿರಲಿಲ್ಲ, ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ಇಂದುಧರ ಆ ಸದ್ದಿಗೆ ಏಳುತ್ತಿದ್ದ.

ಹನ್ನೊಂದನೆಯ ದಿನ ಸಂಜೆ ಅವಳು ಔಷಧಾಲಯದ ಬೆಂಚಿನ ಮೇಲೆ ಬಂದು ಕೂತಳು. ತೋಳಿನ ಮೇಲೆ ಅಂಗೈ ಅಗಲದ ಗಂಧೆ. ಎರಡು ದಿನ ಏನೂ ಇಲ್ಲದೆ, ಮತ್ತೆ.

"ಮತ್ತೆ ಬಂತು ಸ್ವಾಮಿ. ಯಾತಕ್ಕೆ ಬಂತು?" ಅವಳ ದನಿಯಲ್ಲಿ ಹಳೆಯ ಭಯವಿತ್ತು. "ಏನಾದ್ರೂ ಇದ್ರೆ ಹೇಳ್ಬಿಡಿ. ಬಿಟ್ಬಿಡ್ತೀನಿ."

ಬಿಟ್ಬಿಡ್ತೀನಿ. ಅವನು ಒಂದು ಹೆಸರು ಹೇಳಿದರೆ ಸಾಕು, ಅವಳು ನೆಮ್ಮದಿಯಾಗಿ ಮನೆಗೆ ಹೋಗುತ್ತಾಳೆ. ನಾಳೆಯಿಂದ ಅದನ್ನು ಬಾಯಿಗೆ ಇಡುವುದಿಲ್ಲ. ನಾಲಿಗೆಯ ತುದಿಗೆ ಒಂದು ಹೆಸರು ಬಂದೇ ಬಂತು. ಅವನ ಕೈ ತಾನಾಗಿ ಜೇಬಿನ ಪೆನ್ನಿಗೆ ಹೋಯಿತು.

ಕೂಸು ಮಡಿಲಲ್ಲಿ ನಿದ್ದೆಹೋಗಿತ್ತು. ತುಟಿಯ ಕೊನೆಯಲ್ಲಿ ಒಂದು ಹನಿ ಹಾಲು.

ಇಂದುಧರ ಎದ್ದು ಹೊರಗೆ ಹೋದ. ಅಮ್ಮ ಹೊಳೆಯ ಮೆಟ್ಟಿಲ ಮೇಲೆ ಕೂತು ಔಷಧದ ಸೀಸೆ ತೊಳೆಯುತ್ತಿದ್ದರು. ಬೆಳಕು ನೀರಿನಲ್ಲಿ ಕರಗುತ್ತಿತ್ತು.

"ಅಮ್ಮ, ಅವಳು ಯಾತಕ್ಕೆ ಬಂತು ಅಂತ ಕೇಳುತ್ತಿದ್ದಾಳೆ. ಏನು ಹೇಳಲಿ?"

"ನಿನಗೆ ಗೊತ್ತಾ?"

"ಇಲ್ಲ."

"ಹಾಗಾದರೆ ಗೊತ್ತಿಲ್ಲ ಅನ್ನು."

"ಹೇಗಮ್ಮ? ಅಷ್ಟು ಆಸೆಯಿಂದ ಕೇಳುತ್ತಿದ್ದಾಳೆ. ಗೊತ್ತಿಲ್ಲ ಅಂತ ಬರಿಗೈಯಲ್ಲಿ ಕಳಿಸಲೇ?"

ಅಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು.

"ಕಳಿಸು ಅಂತ ನಾನೆಲ್ಲಿ ಅಂದೆ? ಗೊತ್ತಿಲ್ಲ ಅನ್ನು. ಅಂದು ಹೀಗೆ ಎದ್ದು ಬರಬೇಡ, ಅಲ್ಲೇ ಅವಳ ಪಕ್ಕ ಕೂತಿರು."