ಅಪ್ಪಣೆ ಇಲ್ಲದ ಕೂಗು

ಒಂದು ಕುರುಚಲು ಕಾಡಿನಲ್ಲಿ ಹರಟೆಮಲ್ಲ ಹಕ್ಕಿಗಳ ಗುಂಪು ಬಾಳುತ್ತಿತ್ತು. ಅವು ಬೂದುಬಣ್ಣದ ಸಾಧಾರಣ ಹಕ್ಕಿಗಳು. ನೆಲದ ಮೇಲೆ ಕುಪ್ಪಳಿಸುತ್ತ, ತರಗೆಲೆ ಮಗುಚಿ ಹುಳ ಹೆಕ್ಕಿ ತಿನ್ನುತ್ತಿದ್ದವು. ಎಲೆ ಮಗುಚುವ ಹಕ್ಕಿಗೆ ಆಕಾಶ ಕಾಣುವುದಿಲ್ಲ. ಆದ್ದರಿಂದ ಯಾರಾದರೊಬ್ಬರು ಮರದ ಮೇಲೆ ಕುಳಿತು ಕಾವಲು ಕಾಯಬೇಕು, ಗಿಡುಗ ಕಂಡರೆ ಕೂಗಬೇಕು. ಕೂಗು ಕೇಳಿದೊಡನೆ ಎಲ್ಲರೂ ಮುಳ್ಳಿನ ಪೊದೆಗೆ ನುಗ್ಗಬೇಕು. ಗುಂಪು ಉಳಿದುಕೊಂಡಿದ್ದೇ ಹೀಗೆ.

ಕಾವಲಿನಲ್ಲಿ ಕೆಂಚಿಯನ್ನು ಮೀರಿಸುವವರಿರಲಿಲ್ಲ. ಗುಂಪಿನ ಅಧ್ಯಕ್ಷ ಹಿರೇಮಲ್ಲ. ಸದಾ ಅವನ ಮಗ್ಗುಲಲ್ಲೇ ಕೂರುತ್ತಿದ್ದವನು ನಯಗಾರ.

ಕಾಡಿನ ಪಂಚಾಯಿತಿಗೆ ಚುನಾವಣೆ ಬಂತು. ಹರಟೆಮಲ್ಲಗಳಿಗೂ ಗೊರವಂಕಗಳಿಗೂ ನೇರ ಪೈಪೋಟಿ. ತಮ್ಮ ಕಡೆಯಿಂದ ಕೆಂಚಿಯೇ ನಿಲ್ಲಲಿ ಎಂದು ಹಲವರು ಹೇಳುತ್ತಿದ್ದರು. ನಯಗಾರನಿಗೆ ಆ ಜಾಗ ತನಗೇ ಬೇಕಿತ್ತು.

ಒಂದು ಬೆಳಿಗ್ಗೆ ಬಯಲಿನಲ್ಲಿ ಪ್ರಚಾರದ ಸಭೆ ನಡೆಯಿತು. ಹರಟೆಮಲ್ಲಗಳೆಲ್ಲ ನೆಲದ ಮೇಲೆ ಕುಳಿತಿದ್ದವು. ಪಕ್ಕದ ಆಲದಮರದ ಎಲೆಗಳ ಮರೆಯಲ್ಲಿ ಗೊರವಂಕಗಳು ಕುಳಿತು ಕೇಳುತ್ತಿದ್ದವು. ಹಿರೇಮಲ್ಲ ಕಲ್ಲಿನ ಮೇಲೆ ನಿಂತು ಎದೆಯುಬ್ಬಿಸಿದ.

"ನಮ್ಮ ಗುಂಪು ಯಾರಿಗೂ ಹೆದರುವುದಿಲ್ಲ!" ಎಂದ.

ಅಷ್ಟರಲ್ಲಿ ಮೇಲಿನಿಂದ ಕೆಂಚಿ ಕೂಗಿದಳು. ಹಿರೇಮಲ್ಲನೂ ಸೇರಿ ಇಡೀ ಸಭೆ ಪೊದೆಯೊಳಗೆ ಬಿತ್ತು. ಎಲ್ಲರಿಗಿಂತ ಮುಂದೆ ನುಗ್ಗಿದವನು ನಯಗಾರ. ನೆಲ ಬರಿದಾದದ್ದನ್ನು ಕಂಡು ಗಿಡುಗ ತಿರುಗಿ ಹೋಯಿತು. ಹಕ್ಕಿಗಳು ಹೊರಗೆ ಬರುವ ಹೊತ್ತಿಗೆ ಆಕಾಶ ಖಾಲಿಯಾಗಿತ್ತು.

ಗೊರವಂಕಗಳು ನಕ್ಕವು. "ಯಾರಿಗೂ ಹೆದರುವುದಿಲ್ಲವಂತೆ! ಮೊದಲು ತಲೆಗೆ ಸಿಕ್ಕಿಕೊಂಡ ಮುಳ್ಳು ತೆಗೆದುಕೊಳ್ಳಿ ಅಧ್ಯಕ್ಷರೇ!"

ಹಿರೇಮಲ್ಲನ ಮುಖ ಸಣ್ಣದಾಯಿತು. ನಯಗಾರ ಅವನ ಹತ್ತಿರ ಸರಿದ. "ಗಿಡುಗ ಎಲ್ಲಿತ್ತು ಅಧ್ಯಕ್ಷರೇ? ನಾನಂತೂ ಕಾಣಲಿಲ್ಲ. ನೀವು ಹೆದರುವುದಿಲ್ಲ ಅನ್ನುವುದಕ್ಕೂ ಅವಳು ಕೂಗುವುದಕ್ಕೂ ಸರಿಹೋಯಿತಲ್ಲ! ಇದು ನಿಮ್ಮ ಮಾನ ಕಳೆಯುವುದಕ್ಕೇ ಮಾಡಿದ್ದು."

ಮರುದಿನವೇ ಶಿಸ್ತು ಸಮಿತಿ ಕೂತಿತು. ಅದಕ್ಕೆ ನಯಗಾರನೇ ಮುಖ್ಯಸ್ಥ.

"ಗಿಡುಗ ಬಂದಿತ್ತು ಅನ್ನುತ್ತೀಯ ಕೆಂಚಕ್ಕ. ಹಾಗಾದರೆ ಅದು ಯಾರನ್ನು ಹಿಡಿಯಿತು?"

"ಯಾರನ್ನೂ ಇಲ್ಲ. ನಾನು ಕೂಗಿದೆನಲ್ಲ."

"ಯಾರನ್ನೂ ಹಿಡಿಯದ ಗಿಡುಗ! ಒಂದು ಪುಕ್ಕವಾದರೂ ಉದುರಿದೆಯೇ ತೋರಿಸು."

"ಪುಕ್ಕ ಉದುರಬಾರದು ಅಂತಲೇ ಕೂಗಿದ್ದು ಕಣೋ."

ಒಂದಿಬ್ಬರು ನಕ್ಕರು. ಹಿರೇಮಲ್ಲನ ಮುಖ ನೋಡಿ ನಿಲ್ಲಿಸಿದರು.

"ಸರಿ, ಗಿಡುಗವನ್ನು ಕಂಡವರು ಬೇರೆ ಯಾರಾದರೂ ಇದ್ದರೆ ಹೇಳಲಿ" ಎಂದ ನಯಗಾರ.

ಕೆಂಚಿ ಹೊನ್ನತ್ತೆಯ ಕಡೆ ನೋಡಿದಳು. ಮರಿಯಾಗಿದ್ದಾಗ ಅವಳಿಗೆ ಗುಟುಕು ಕೊಟ್ಟು ಸಾಕಿದವಳು ಹೊನ್ನತ್ತೆ. ಹೊನ್ನತ್ತೆ ಕೊಕ್ಕನ್ನು ರೆಕ್ಕೆಯೊಳಗೆ ತೂರಿಸಿ ಪುಕ್ಕ ತೀಡತೊಡಗಿದಳು. ಅವಳ ಪಕ್ಕದವರೂ ತೀಡತೊಡಗಿದರು. ಆ ಹೊತ್ತಿನಲ್ಲಿ ಎಲ್ಲರಿಗೂ ಪುಕ್ಕ ತೀಡಿಕೊಳ್ಳುವ ಕೆಲಸ ನೆನಪಾಯಿತು.

"ಯಾರೂ ಕಂಡಿಲ್ಲ. ತೀರ್ಮಾನ ಸರ್ವಾನುಮತದ್ದು" ಎಂದ ನಯಗಾರ.

ಕೆಂಚಿಯನ್ನು ಗುಂಪಿನಿಂದ ಹೊರಗೆ ಹಾಕಿದರು. ಹೊಸ ನಿಯಮವನ್ನೂ ಮಾಡಿದರು. ಸಭೆ ನಡೆಯುವಾಗ ಕಾವಲಿನವರು ಅಪ್ಪಣೆ ಇಲ್ಲದೆ ಕೂಗಬಾರದು. ಏನಿದ್ದರೂ ಕೆಳಗಿಳಿದು ಬಂದು, ಮಾತಾಡುತ್ತಿರುವವರ ಕಿವಿಯಲ್ಲಿ ಹೇಳಬೇಕು.

ಕೆಂಚಿ ಬಯಲಿನ ಆಚೆ ಒಬ್ಬಳೇ ಉಳಿದಳು. ಎಲೆ ಮಗುಚಿದರೆ ಆಕಾಶ ಕಾಣದು. ಆಕಾಶ ನೋಡುತ್ತಿದ್ದರೆ ಹೊಟ್ಟೆ ತುಂಬದು. ಒಂದೆಲೆ ಮಗುಚಿ ಒಮ್ಮೆ ತಲೆಯೆತ್ತುತ್ತಿದ್ದಳು. ಹುಳ ಅಷ್ಟರಲ್ಲಿ ಮಣ್ಣು ಸೇರುತ್ತಿತ್ತು. ಅವಳ ಎದೆಯ ಮೂಳೆ ಎದ್ದು ಕಾಣುವಂತಾಯಿತು. ಗುಂಪಿನವರು ದೂರದಿಂದ ಅದನ್ನು ನೋಡುತ್ತಿದ್ದರು. ನೋಡಿ ಬೇರೆ ಕಡೆ ತಿರುಗುತ್ತಿದ್ದರು.

ಮತ್ತೆ ಸಭೆ ಸೇರಿತು. ಈಗ ಅಭ್ಯರ್ಥಿ ನಯಗಾರ. ಅವನೇ ಕಲ್ಲಿನ ಮೇಲೆ ನಿಂತು ಮಾತಾಡುತ್ತಿದ್ದ. ಹೊಸದಾಗಿ ಕಾವಲಿಗೆ ಬಂದಿದ್ದ ರಂಗಿ ಅವಸರದಿಂದ ಕೆಳಗಿಳಿದಳು.

"ನಯಗಾರಣ್ಣ, ಒಂದು ಅಪ್ಪಣೆ ಬೇಕಿತ್ತು."

"ಭಾಷಣ ಮಾಡುತ್ತಿರುವುದು ಕಾಣುವುದಿಲ್ಲವೇ?"

"ಕಾಣುತ್ತದೆ ಅಣ್ಣ, ಆದರೆ ಅಲ್ಲಿ ಮೇಲೆ..."

"ಭಾಷಣ ಮುಗಿದ ಮೇಲೆ ಬಾ!"

ರಂಗಿ ನಿಯಮ ಮುರಿಯಲಾರದೆ ಕೊಕ್ಕು ಮುಚ್ಚಿ ನಿಂತಳು. ಆಗ ಬಯಲಿನ ಆಚೆಯಿಂದ ಕೂಗೊಂದು ಬಂತು. ಅದು ಕೆಂಚಿಯ ದನಿ. ಯಾರೂ ಅಪ್ಪಣೆಗೆ ಕಾಯಲಿಲ್ಲ, ಎಲ್ಲರೂ ಪೊದೆಗೆ ಓಡಿದರು. ನಯಗಾರ ಮಾತ್ರ ಅರೆಗಳಿಗೆ ಕಲ್ಲಿನ ಮೇಲೆಯೇ ನಿಂತ. ಓಡಿದರೆ ಅವಳು ಹೇಳಿದ್ದು ನಿಜವೆಂದು ಒಪ್ಪಿದಂತಾಗುತ್ತಿತ್ತು. ಅಷ್ಟರಲ್ಲಿ ಗಿಡುಗ ಎರಗಿತು.

"ಗಿಡುಗ! ಗಿಡುಗ!" ಎಂದು ಅರಚುತ್ತ ನಯಗಾರ ಪೊದೆಗೆ ಉರುಳಿದ. ಅವನ ಬಾಲವಷ್ಟೂ ಗಿಡುಗದ ಉಗುರಿನಲ್ಲಿ ಉಳಿಯಿತು.

ಆಲದಮರದಿಂದ ಗೊರವಂಕವೊಂದು ಕೇಳಿತು. "ಅಪ್ಪಣೆ ತೆಗೆದುಕೊಂಡು ಕೂಗಿದಿರಾ ಸ್ವಾಮಿ?"

ನಯಗಾರ ಮತ್ತೆ ಚುನಾವಣೆಯ ಮಾತೆತ್ತಲಿಲ್ಲ. ಬಾಲವಿಲ್ಲದೆ ಅವನಿಗೆ ಕೊಂಬೆಯ ಮೇಲೆ ನೆಟ್ಟಗೆ ಕೂರುವುದೂ ಕಷ್ಟವಾಯಿತು. ಆದರೆ ಗುಂಪಿನಲ್ಲಿ ಯಾರಿಗೂ ನಗು ಬರಲಿಲ್ಲ.

ಹಿರೇಮಲ್ಲ ಎಲ್ಲರನ್ನೂ ಕರೆದುಕೊಂಡು ಕೆಂಚಿಯ ಬಳಿಗೆ ಹೋದ. ಹತ್ತಿರದಿಂದ ನೋಡಿದಾಗ ಅವಳು ಇನ್ನೂ ಬಡವಾಗಿ ಕಂಡಳು. ಅವನು ಗಂಟಲು ಸರಿಮಾಡಿಕೊಂಡ.

"ನಿನ್ನ ಮೇಲಿನ ಶಿಸ್ತುಕ್ರಮವನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆ ಕೆಂಚಿ. ಗುಂಪು ನಿನ್ನನ್ನು ಕ್ಷಮಿಸಿದೆ."

"ಯಾವ ತಪ್ಪಿಗೆ ಅಧ್ಯಕ್ಷರೇ?" ಎಂದು ಕೇಳಿದಳು ಕೆಂಚಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಹೊನ್ನತ್ತೆ ಮುಂದೆ ಬಂದಳು.

"ಅವತ್ತು ಗಿಡುಗದ ನೆರಳು ನನ್ನ ಮುಂದೆಯೇ ಹಾದುಹೋಯಿತು ಮಗಳೇ. ನಾನು ಕಂಡಿದ್ದೆ. ಹೇಳಿದರೆ ನನ್ನನ್ನೂ ಹೊರಗೆ ಹಾಕುತ್ತಾರೆ ಅಂತ ಸುಮ್ಮನಿದ್ದೆ."

"ನಾನೂ ಕಂಡಿದ್ದೆ" ಎಂದಳು ರಂಗಿ.

"ನಾನೂ ಕಂಡಿದ್ದೆ ಕೆಂಚಕ್ಕ" ಎಂದ ಇನ್ನೊಬ್ಬ. "ಎಲ್ಲರೂ ಸುಮ್ಮನಿದ್ದಾರಲ್ಲ, ನಾನೊಬ್ಬ ಯಾಕೆ ಅಂದುಕೊಂಡೆ."

ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಹೇಳಿದರು. ಕಾಣದವರು ಒಬ್ಬರೂ ಇರಲಿಲ್ಲ. ಕಡೆಗೆ ಹಿರೇಮಲ್ಲ ತಲೆತಗ್ಗಿಸಿದ.

"ನಾನೂ ಕಂಡಿದ್ದೆ. ಗೊರವಂಕಗಳು ನಕ್ಕಿದ್ದನ್ನು ತಡೆಯಲಾಗಲಿಲ್ಲ ನನಗೆ."

ಕೆಂಚಿಗೆ ಹಸಿವಾಗಿತ್ತು. ತಲೆಬಗ್ಗಿಸಿ ತರಗೆಲೆ ಮಗುಚತೊಡಗಿದಳು.

ಹಿರೇಮಲ್ಲ ಹಾರಿ ಮರವೇರಿದ. ಎತ್ತರದ ಕೊಂಬೆಯ ಮೇಲೆ ಕುಳಿತು, ಅವಳ ಹೊಟ್ಟೆ ತುಂಬುವವರೆಗೆ ತಾನೇ ಕಾವಲು ಕಾದ. ಕಾವಲಿನವರು ಆಕಾಶವನ್ನೇ ನೋಡಬೇಕು. ಅಂದು ಅವನಿಗೆ ಕೆಳಗೆ ನೋಡುವ ಮುಖವೂ ಇರಲಿಲ್ಲ.

ನೀತಿ: ಕಂಡದ್ದನ್ನು ಕಂಡೆನೆಂದು ಹೇಳಲು ಎಲ್ಲರೂ ಹೆದರುವ ಕಡೆ ಇರುವುದು ಶಿಸ್ತಲ್ಲ, ಅಲ್ಲಿ ಸುಳ್ಳು ಹೇಳಿದವನಷ್ಟೇ ಸುಮ್ಮನಿದ್ದವರೂ ತಪ್ಪಿತಸ್ಥರು.